ಗೇರ್‌ಬಾಕ್ಸಿನ ಮೇಲಿನ ಫರ್ಶಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ವ್ಯಾನಿನ ಬಣ್ಣ ಆಗಲೇ ನೀಲಿ ಇತ್ತೋ, ಚಿಗವ್ವ ಅದಕ್ಕೆ ಆಮೇಲೆ ನೀಲಿ ಹೊಡೆಸಿದಳೋ ನೆನಪಿಲ್ಲ. ಶಹಾಬಾದಿನ ಗ್ಯಾರೇಜಿನ ಮುಂದೆ ಒಂದು ಬೇವಿನ ಮರ ಇತ್ತು, ಅದರ ನೆರಳಿನಲ್ಲಿ ಕೂತು ಕಾದೆವು ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೋದ ತಿಂಗಳು ಆ ಕಡೆ ಹೋದಾಗ ನೋಡಿದರೆ ಮರವಿಲ್ಲ, ಕಡಿದ ಬೊಡ್ಡೆಯ ಗುರುತೂ ಇಲ್ಲ. ಇಂಥವು ತಪ್ಪಾದರೆ ಯಾರಿಗೂ ನಷ್ಟವಿಲ್ಲ. ಆದರೆ ಒಂದು ವಿಷಯದಲ್ಲಿ ನನ್ನ ನೆನಪು ಸರಿಯಾಗಿರಬೇಕಿತ್ತು. ಮಾಮಾ ವ್ಯಾನಿನೊಳಗೆ ಫರ್ಶಿ ಕಲ್ಲು ಹಾಸಿದ್ದು ಮೊದಲೋ, ಗಾಡಿ ಇನ್ನೊಮ್ಮೆ ದಾರಿಯಲ್ಲಿ ನಿಂತರೆ ಮಾರಿಬಿಡುತ್ತೇನೆ ಎಂದು ಅವರು ಹೇಳಿದ್ದು ಮೊದಲೋ, ಅದು ನನಗೆ ಗೊತ್ತಿಲ್ಲ.

ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಇದ್ದಾಗಿನಿಂದ ದಿನಚರಿ ಬರೆಯುವ ಅಭ್ಯಾಸ ನನಗಿದೆ. ಆ ದಿನಗಳ ಪುಟ ತೆಗೆದರೆ ಬಿಸಿಲಿನ ಬಗ್ಗೆ ಬರೆದಿದ್ದೇನೆ, ತಿದ್ದಬೇಕಾದ ಉತ್ತರಪತ್ರಿಕೆಗಳ ಬಗ್ಗೆ ಗೊಣಗಿದ್ದೇನೆ. ‘ಚಿಗವ್ವನ ವ್ಯಾನಿನಲ್ಲಿ ಈಗ ಕಾಲಿಗೆ ತಂಪು’ ಎಂಬ ಒಂದು ಸಾಲು ಬಿಟ್ಟರೆ ಈ ಕತೆಗೆ ಸಂಬಂಧಿಸಿದ್ದು ಏನೂ ಇಲ್ಲ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು ನಾನು. ವಿದ್ಯಾರ್ಥಿಗಳನ್ನು ಸನ್ನತಿಯ ಹಳೆಯ ಸ್ತೂಪ ತೋರಿಸಲು ಕರೆದುಕೊಂಡು ಹೋದಾಗಲೆಲ್ಲ, ಯಾವ ಕಲ್ಲು ಮೊದಲು ಬಂತು ಯಾವುದು ಆಮೇಲೆ ಬಂತು ಎಂದು ತಿಳಿಯದೆ ಗಟ್ಟಿಯಾಗಿ ಮಾತಾಡಬೇಡಿ ಎಂದು ಹೇಳುತ್ತೇನೆ. ನಮ್ಮ ಮನೆಯ ಒಂದು ಕಲ್ಲಿನ ಬಗ್ಗೆಯೇ ನನಗೆ ಅದು ಹೇಳಲಾಗುತ್ತಿಲ್ಲ. ಆದ್ದರಿಂದ ಇಲ್ಲಿ ಚಿಗವ್ವ ಹೇಳುವ ಕ್ರಮದಲ್ಲೇ ಹೇಳುತ್ತೇನೆ. ಅದೇ ಸರಿ ಎಂದಲ್ಲ, ದಿನಾ ಆ ಗಾಡಿ ಓಡಿಸಿದವಳು ಅವಳು ಎಂದು.

ಚಿಗವ್ವ ಎಂದರೆ ನನ್ನ ಅವ್ವನ ತಂಗಿ. ಸೇಡಂನಲ್ಲಿ ಅವಳದು ರೊಟ್ಟಿ ಮನೆ. ಓಣಿಯ ಹೆಂಗಸರು ನಾಲ್ಕಾರು ಜನ ಬೆಳಕು ಹರಿಯುವ ಮೊದಲೇ ಬಂದು ಕೂತರೆ, ಬಿಸಿಲೇರುವ ಹೊತ್ತಿಗೆ ಬುಟ್ಟಿಗಟ್ಟಲೆ ಜೋಳದ ರೊಟ್ಟಿ ಸಿದ್ಧವಾಗಿರುತ್ತಿತ್ತು. ಚಿತ್ತಾಪುರ, ವಾಡಿ, ಶಹಾಬಾದಿನ ಖಾನಾವಳಿಗಳಿಗೆ ಅದನ್ನು ಮುಟ್ಟಿಸುವುದು ಚಿಗವ್ವನ ಕೆಲಸ. ವಾರದಲ್ಲಿ ಕೆಲವು ದಿನ ಇನ್ನೊಂದು ದಿಕ್ಕಿಗೆ, ಚಿಂಚೋಳಿ ದಾಟಿ ಗುಡ್ಡದ ಮೇಲಿರುವ ಒಂದು ವಸತಿ ಶಾಲೆಗೂ ಹೋಗಬೇಕಿತ್ತು. ಖಾನಾವಳಿಯವರು ಇಂದು ಬೇಕು ಅನ್ನುತ್ತಾರೆ, ನಾಳೆ ಬೇಡ ಅನ್ನುತ್ತಾರೆ. ಬೇಸಿಗೆ ರಜೆಯಲ್ಲೂ ಮಕ್ಕಳು ಇರುವ ಶಾಲೆ ಅದು, ಅಲ್ಲಿಯ ರೊಟ್ಟಿ ಮಾತ್ರ ತಪ್ಪುವಂತಿಲ್ಲ. ಆ ಶಾಲೆ ಕೈಬಿಟ್ಟರೆ ರೊಟ್ಟಿ ಮನೆಯ ಅರ್ಧ ಒಲೆ ಆರಿದಂತೆ.

ವ್ಯಾನು ಅವಳ ಗಂಡ, ಚಿಗಪ್ಪನದು. ಹಳೆಯ ಡೀಸೆಲ್ ಗಾಡಿ. ಎಂಜಿನ್ನು ಮುಂದಿನ ಎರಡು ಸೀಟುಗಳ ನಡುವೆ, ಗೇರ್‌ಬಾಕ್ಸು ಅದರ ಹಿಂದೆ, ನೆಲದ ತಗಡಿನ ಕೆಳಗೆ. ಚಿಗಪ್ಪ ಬದುಕಿದ್ದಾಗಲೇ ಕೋಡ್ಲಾ ರಸ್ತೆಯ ಪಕ್ಕದ ಬಯಲಿನಲ್ಲಿ ಚಿಗವ್ವನಿಗೆ ಗಾಡಿ ಕಲಿಸಿದ್ದ. ಚಪ್ಪಲಿ ಕಳಚಿ ಸೀಟಿನ ಕೆಳಗೆ ಸರಿಸಿ ಬರಿಗಾಲಿನಲ್ಲಿ ಓಡಿಸುವುದು ಅವಳ ರೂಢಿ. ಚಪ್ಪಲಿ ಇದ್ದರೆ ಕ್ಲಚ್ಚು ಎಲ್ಲಿ ಹಿಡಿಯುತ್ತದೆ ಎಂಬುದು ಕಾಲಿಗೆ ತಿಳಿಯುವುದಿಲ್ಲವಂತೆ. ಚಿಗಪ್ಪ ತೀರಿಹೋದ ಮೇಲೆ ಗಾಡಿಯ ಕಾಗದಗಳನ್ನು ಮಾಮಾನ ಹೆಸರಿಗೆ ಮಾಡಿಸಿದರು. ಕಚೇರಿಗೆ ಓಡಾಡಲು ಗಂಡಸಿನ ಹೆಸರಿದ್ದರೆ ಅನುಕೂಲ ಎಂದು ಮನೆಯವರೆಲ್ಲ ಹೇಳಿದರು, ಚಿಗವ್ವನೂ ಹೂಂ ಅಂದಳು.

ಮಾಮಾ ಅವ್ವನಿಗೂ ಚಿಗವ್ವನಿಗೂ ಅಣ್ಣ. ವಾಡಿಯಲ್ಲಿ ಮನೆ. ಸಿಮೆಂಟ್ ಕಾರ್ಖಾನೆಯ ಭಟ್ಟಿಯೊಳಗೆ ಇಟ್ಟಿಗೆ ಕೂಡಿಸುವ ಕೆಲಸದಲ್ಲಿ ಜೀವಮಾನ ಕಳೆದು ನಿವೃತ್ತರಾದವರು. ಮಾತು ಕಡಿಮೆ. ತಂಗಿ ಗಾಡಿ ಓಡಿಸುವುದನ್ನು ಅವರು ಎಂದೂ ಬೈದಿದ್ದಿಲ್ಲ. ಎರಡು ಊರಿನ ನಡುವೆ ಗಾಡಿ ಕೆಟ್ಟು ನಿಂತರೆ ಒಂಟಿ ಹೆಂಗಸು ಏನು ಮಾಡುತ್ತಾಳೆ ಎಂದಷ್ಟೇ ಕೇಳುತ್ತಿದ್ದರು. ತಮ್ಮ ಮನೆಯ ಹಿಂದಿನ ಖೋಲಿ ಖಾಲಿ ಇದೆ ಎಂಬುದನ್ನೂ ಆಗಾಗ ನೆನಪಿಸುತ್ತಿದ್ದರು. ಚಿಗವ್ವ ನಗುತ್ತಿದ್ದಳು. ಆ ಖೋಲಿಯ ಕಿಟಕಿಯಿಂದ ಗೋಡೆ ಬಿಟ್ಟು ಏನೂ ಕಾಣುವುದಿಲ್ಲ ಎಂದು ನನ್ನ ಹತ್ತಿರ ಮಾತ್ರ ಹೇಳಿದ್ದಳು.

ಎಲ್ಲ ಶುರುವಾದದ್ದು ಹೊಗೆಯಿಂದ. ವ್ಯಾನು ಕಪ್ಪು ಹೊಗೆ ಉಗುಳಲು ಹತ್ತಿ ವರ್ಷವೇ ಆಗಿರಬೇಕು. ಚಿತ್ತಾಪುರದ ಖಾನಾವಳಿಯ ಮಾಲೀಕ ಬಾಯಿ ಬಿಗಿ ಇಲ್ಲದ ಮನುಷ್ಯ. ನಿಮ್ಮ ರೊಟ್ಟಿ ಬರುವ ಮೊದಲು ನಿಮ್ಮ ಹೊಗೆ ಬರುತ್ತದೆ, ಅದನ್ನು ನೋಡಿಯೇ ನಾನು ಎಲೆ ಹಾಕಿಸುತ್ತೇನೆ ಎನ್ನುತ್ತಿದ್ದ. ಜೊತೆಗೆ ಗಾಡಿಯ ಪಾಸಿಂಗ್, ಅಂದರೆ ಸಾರಿಗೆ ಕಚೇರಿಯ ತಪಾಸಣೆ, ಹತ್ತಿರ ಬಂದಿತ್ತು. ಆ ಹೊಗೆಯಲ್ಲಿ ಪಾಸಾಗುವ ಮಾತೇ ಇರಲಿಲ್ಲ. ಒಂದು ಮಧ್ಯಾಹ್ನ ಚಿತ್ತಾಪುರದ ರಸ್ತೆಯಲ್ಲಿ ಎಂಜಿನ್ನು ಬಿಸಿಯಾಗಿ ಗಾಡಿ ನಿಂತೇಬಿಟ್ಟಿತು. ಮಾಮಾನಿಗೆ ಸುದ್ದಿ ಹೋಯಿತು. ಅವರು ಆವತ್ತು ಏನು ಹೇಳಿದರು, ಎಷ್ಟು ಹೇಳಿದರು ಎಂಬಲ್ಲಿಯೇ ನನ್ನ ತೊಡಕು ಇರುವುದು.

ನನಗೆ ಬೇಸಿಗೆ ರಜೆ. ಕಲಬುರಗಿಯಿಂದ ಸೇಡಂಗೆ ಬಂದಿದ್ದವಳು ಚಿಗವ್ವನ ಜೊತೆ ಶಹಾಬಾದಿನ ಗ್ಯಾರೇಜಿಗೆ ಹೋದೆ. ಅಲ್ಲಿಯ ಮಿಸ್ತ್ರಿ ಚಿಗಪ್ಪನ ಕಾಲದಿಂದ ಪರಿಚಯದವರು. ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿ ಕೆಳಗಿಳಿದು, ಸೈಲೆನ್ಸರಿಗೆ ಸುತ್ತಿಗೆಯಿಂದ ಎರಡು ಏಟು ಬಡಿದರು. ಒಳಗಿನಿಂದ ತುಕ್ಕು, ಮಸಿ ಉದುರಿತು. ಹೊಗೆ ಹೊರಗೆ ಹೋಗಲು ದಾರಿ ಇಲ್ಲದೆ ಎಂಜಿನ್ನು ತನ್ನ ಬಿಸಿಯಲ್ಲಿ ತಾನೇ ಬೇಯುತ್ತಿದೆ ಎಂದು ವಿವರಿಸಿದರು.

“ಮೂಗು ಕಟ್ಟಿದ ಮನುಷ್ಯಾಗ ಓಡು ಅಂದ್ರ ಹ್ಯಾಂಗ ಓಡ್ತಾನ್ರಿ ಅಕ್ಕೋರೆ?” ಎಂದರು.

ಹಳೆಯ ಸಣ್ಣ ಪೈಪನ್ನು ಪೂರ್ತಿ ಕಿತ್ತು, ಎಂಜಿನ್ನಿನ ಬಾಯಿಯಿಂದ ಹಿಂದಿನ ತುದಿಯ ತನಕ ದಪ್ಪ ಪೈಪು ಬಗ್ಗಿಸಿ ಬೆಸೆದರು. ಹೊಸ ಸೈಲೆನ್ಸರ್ ಹಾಕಿದರು. ಕಲ್ಲುಗಣಿಯ ಧೂಳಿನಿಂದ ಕಟ್ಟಿಹೋಗಿದ್ದ ಗಾಳಿ ಫಿಲ್ಟರನ್ನೂ ಬದಲಿಸಿದರು. ಎಂಜಿನ್ನು ಹಚ್ಚಿದಾಗ ಸದ್ದು ಸ್ವಲ್ಪ ದೊಡ್ಡದಾಗಿತ್ತು, ಹೊಗೆ ಮಾತ್ರ ಬಿಸಿಲಿನಲ್ಲಿ ಕಾಣದಷ್ಟು ತೆಳ್ಳಗೆ. ಮುಂದೆ ಪಾಸಿಂಗ್ ಕೂಡ ತಕರಾರಿಲ್ಲದೆ ಆಯಿತು. ಕೋಡ್ಲಾ ಕಡೆಯ ಏರಿನಲ್ಲಿ ಸಿಮೆಂಟ್ ಲಾರಿಯೊಂದನ್ನು ದಾಟಿ ಮುಂದೆ ಬಂದಾಗ ಚಿಗವ್ವ ಸೆರಗಿನ ಅಂಚನ್ನು ಸೊಂಟಕ್ಕೆ ಬಿಗಿದು ನೆಟ್ಟಗೆ ಕೂತಳು.

ಆ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಹಳೆಯ ಪೈಪು ಸಣ್ಣದಾಗಿದ್ದುದರಿಂದ ಅದಕ್ಕೂ ಗೇರ್‌ಬಾಕ್ಸಿಗೂ ನಡುವೆ ಒಂದು ಅಂಗೈ ಹೋಗುವಷ್ಟು ಜಾಗವಿತ್ತು. ಹೊಸ ಪೈಪು ದಪ್ಪ. ಈಗ ಬೆರಳು ತೂರುವುದೇ ಕಷ್ಟ. ಪೈಪಿನ ಕಾವು ನೇರವಾಗಿ ಗೇರ್‌ಬಾಕ್ಸಿಗೆ ಬಡಿಯುತ್ತಿತ್ತು, ಅಲ್ಲಿಂದ ಕಾಲಿಡುವ ಜಾಗದ ತನಕ ಮೇಲಿನ ನೆಲಕ್ಕೆಲ್ಲ. ಹೊರಗೆ ನಮ್ಮ ಬಿಸಿಲು, ಒಳಗೆ ಕೆಂಡದಂಥ ತಗಡು. ಚಿಗವ್ವನ ಎಡಗಾಲಿನ ಪಾದ ಕೆಂಪಾಗಿ ಬೊಬ್ಬೆ ಎದ್ದಿತು. ಚಪ್ಪಲಿ ಹಾಕಿಕೋ ಅಂದರೆ ಕೇಳಲಿಲ್ಲ.

ವಾಡಿಗೆ ರೊಟ್ಟಿ ಕೊಡಲು ಹೋದ ದಿನ ಆ ಪಾದ ಮಾಮಾನ ಕಣ್ಣಿಗೆ ಬಿತ್ತು. ಅವರು ವ್ಯಾನಿನ ನೆಲವನ್ನು ಗೇಣಿನಿಂದ ಅಳೆದುಕೊಂಡರಂತೆ. ಮರುದಿನ ಬೆಳಿಗ್ಗೆ ರೈಲು ಹಿಡಿದು ಸೇಡಂಗೆ ಬಂದರು, ಜೊತೆಯಲ್ಲಿ ಗೋಣಿಯಲ್ಲಿ ಸುತ್ತಿದ ತೆಳುವಾದ ಫರ್ಶಿ. ಶಹಾಬಾದಿನ ಗಣಿಯದು, ಅಳತೆಗೆ ಸರಿಯಾಗಿ ಕೊಯ್ಯಿಸಿದ್ದು. ಅಂಗಳದಲ್ಲಿ ಸಿಮೆಂಟು ಕಲಸಿ, ಕ್ಲಚ್ಚಿನ ಪಕ್ಕ ಕಾಲಿಡುವಲ್ಲಿಂದ ಹಿಡಿದು ಹಿಂದೆ ರೊಟ್ಟಿ ಬುಟ್ಟಿ ಇಡುವ ಜಾಗದ ತನಕ, ಗೇರ್‌ಬಾಕ್ಸಿನ ಮೇಲಿನ ನೆಲವನ್ನೆಲ್ಲ ಮುಚ್ಚಿ ಕಲ್ಲು ಕೂಡಿಸಿದರು. ಸಂದಿಗಳಿಗೆ ಅದೇ ಸಿಮೆಂಟಿನ ಗಿಲಾವ ತುಂಬಿ ಕರಣೆಯಿಂದ ನಯ ಮಾಡಿದರು. ಅವರ ಕೆಲಸ ನೋಡುವಂತಿತ್ತು.

ಬೇರೆ ಕಡೆಯವರಿಗೆ ಇದು ವಿಚಿತ್ರ ಅನಿಸಬಹುದು. ನಮಗೆ ಯಾರಿಗೂ ಅನಿಸಲಿಲ್ಲ. ನಮ್ಮ ಕಡೆ ನೆಲ ಫರ್ಶಿ, ಮಾಡು ಫರ್ಶಿ, ಕೊಡ ಇಡುವ ಕಟ್ಟೆ, ಹೊಲದ ಬದು, ಕೊಟ್ಟಿಗೆಯ ಗೋಡೆ ಎಲ್ಲ ಫರ್ಶಿ. ಮೇ ತಿಂಗಳ ಮಧ್ಯಾಹ್ನ ಚಾಪೆ ಕೂಡ ಹಾಸದೆ, ನೀರು ಹಾಕಿ ಒರೆಸಿದ ಕಲ್ಲಿನ ಮೇಲೆ ಬೆನ್ನು ಚಾಚಿದರೆ ಸಿಗುವ ಸುಖ ಗೊತ್ತಿರುವ ಯಾರೂ, ಬಿಸಿ ಅಂದ ಕೂಡಲೇ ಕಲ್ಲು ಹಾಸು ಎಂದೇ ಯೋಚಿಸುತ್ತಾರೆ. ರೊಟ್ಟಿ ಬಡಿಯುವ ಹೆಂಗಸರು ಎದ್ದು ಬಂದು ವ್ಯಾನಿನೊಳಗೆ ಅಂಗಾಲಿಟ್ಟು ನೋಡಿದರು. ನಿಮ್ಮಣ್ಣ ಗಾಡಿಗೆ ಮನೆಯ ನೆಲ ಹಾಕಿಕೊಟ್ಟ, ಇನ್ನು ಒಂದು ತೊಟ್ಟಿಲು ಕಟ್ಟಿದರೆ ಆಯಿತು ಎಂದು ಒಬ್ಬಳು ಅಂದಳು. ನಾನೂ ಕಾಲಿಟ್ಟೆ. ಬೆಳಗಿನ ಹೊತ್ತು, ಕಲ್ಲು ಕೊಡದ ನೀರಿನಷ್ಟು ತಣ್ಣಗಿತ್ತು. ದಿನಚರಿಯ ಆ ಸಾಲು ಬರೆದದ್ದು ಅಂದೇ ಇರಬೇಕು.

ಕೆಲವು ದಿನಗಳಲ್ಲಿ ಮೂರನೇ ಗೇರು ತಾನಾಗಿ ಜಾರಲು ಹತ್ತಿತು. ಏರಿನಲ್ಲಿ ಹಾಕಿದ ಗೇರು ಫಟ್ಟನೆ ಬಿಟ್ಟು ಬಂದರೆ ಎಂಜಿನ್ನು ಸುಮ್ಮನೆ ಕೂಗುತ್ತದೆ, ಗಾಡಿ ಹಿಂದಕ್ಕೆ ವಾಲುತ್ತದೆ. ಚಿಗವ್ವ ಎಡಗೈಯಲ್ಲಿ ಗೇರಿನ ಕೋಲನ್ನು ಅದುಮಿ ಹಿಡಿದು ಓಡಿಸುವುದನ್ನು ರೂಢಿ ಮಾಡಿಕೊಂಡಳು. ಸುಟ್ಟ ಎಣ್ಣೆಯ ವಾಸನೆ ರೊಟ್ಟಿಯ ವಾಸನೆಯನ್ನೂ ಮೀರಿ ಬರುತ್ತಿತ್ತು. ಒಂದು ದಿನ ಚಿಂಚೋಳಿ ದಾಟಿ ಗುಡ್ಡದ ಬುಡದಲ್ಲಿ ಯಾವ ಗೇರೂ ಬೀಳದೆ ಗಾಡಿ ನಿಂತಿತು. ಶಾಲೆಯವರು ತಮ್ಮ ಜೀಪು ಕಳಿಸಿ ರೊಟ್ಟಿ ತರಿಸಿಕೊಂಡರು. ಮಕ್ಕಳು ಆವತ್ತು ತಡವಾಗಿ ಉಂಡರು. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದು ಅವರು ಮರ್ಯಾದೆಯಿಂದಲೇ ತಿಳಿಸಿದರು.

ಮಾಮಾ ಸೇಡಂಗೆ ಬಂದದ್ದು ಅದರ ಮರುದಿನ ಎಂಬುದು ಚಿಗವ್ವನ ಲೆಕ್ಕ. ಪಡಸಾಲೆಯಲ್ಲಿ ಕೂತು, ಚಹಾದ ಕಪ್ಪನ್ನು ಕೆಳಗಿಡದೆ ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. ನೆನಪಿಲ್ಲದಿರುವುದು ದಿನ ಮಾತ್ರ.

“ನೋಡು ತಂಗಿ, ಗಾಡಿ ದಾರ್ಯಾಗ ಇನ್ನೊಮ್ಮೆ ನಿಂತ್ರ ನಾ ಅದನ್ನ ಮಾರ್ತೀನಿ. ನೀ ವಾಡಿಗಿ ಬಂದು ಕುಂದರು. ಹಿಂದಿನ ಖೋಲಿ ಖಾಲಿ ಅದ.”

ಕಾಗದ ಅವರ ಹೆಸರಿನಲ್ಲಿತ್ತು. ಮಾರುವುದು ಅವರ ಕೈಯಲ್ಲಿತ್ತು. ಚಿಗವ್ವ ಒಳಗೆ ಹೋಗಿ, ಆರಿದ್ದ ಒಲೆಯ ಮುಂದೆ ಕೂತು ರೊಟ್ಟಿ ಸುಡುವ ಹಂಚನ್ನು ಬೂದಿಯಿಂದ ತಿಕ್ಕಲು ಶುರುಮಾಡಿದಳು.

ಮತ್ತೆ ಶಹಾಬಾದಿಗೆ ಹೋದೆವು. ಮಿಸ್ತ್ರಿ ಗುಂಡಿಗಿಳಿದು ನೋಡಿದರು. ಗೇರ್‌ಬಾಕ್ಸಿನ ಸೀಲುಗಳಿಂದ ಎಣ್ಣೆ ಸೋರಿ ಅರ್ಧಕ್ಕಿಂತ ಕಡಿಮೆ ಉಳಿದಿತ್ತು. ಉಳಿದದ್ದು ಡಾಂಬರಿನಷ್ಟು ಕಪ್ಪು. ಎಣ್ಣೆ ಕಡಿಮೆಯಾದರೆ ಬಿಸಿ ಹೆಚ್ಚುತ್ತದೆ, ಬಿಸಿ ಹೆಚ್ಚಿದರೆ ಎಣ್ಣೆ ತೆಳ್ಳಗಾಗಿ ಇನ್ನಷ್ಟು ಸೋರುತ್ತದೆ. ಪೈಪನ್ನು ಕತ್ತರಿಸಿ, ಹೊರಕ್ಕೆ ಬಗ್ಗಿಸಿ ಮತ್ತೆ ಬೆಸೆದರು. ಬಿಸಿ ತಡೆಯುವ ಪಟ್ಟಿಯನ್ನು ಅದಕ್ಕೆ ಒತ್ತೊತ್ತಾಗಿ ಸುತ್ತಿದರು. ಪೈಪಿಗೂ ತಾಗದಂತೆ, ಗೇರ್‌ಬಾಕ್ಸಿಗೂ ತಾಗದಂತೆ ನಡುವೆ ಒಂದು ತಗಡನ್ನು ನಿಲ್ಲಿಸಿದರು. ತಾಗಿದರೆ ತಗಡೇ ಬಿಸಿಯನ್ನು ಹೊತ್ತು ತರುತ್ತದೆ, ನಡುವೆ ಗಾಳಿ ಓಡಾಡಬೇಕು ಎಂದರು. ಸೀಲು, ಎಣ್ಣೆ ಹೊಸದು. ಏರಿನಲ್ಲಿ ದೊಡ್ಡ ಗೇರಿನಲ್ಲಿ ಎಳೆಯಬೇಡಿ, ಮೊದಲೇ ಇಳಿಸಿ, ಮೇಲೆ ಹೋಗಿ ನಿಂತ ಮೇಲೆ ಎಂಜಿನ್ನನ್ನು ಕೂಡಲೇ ಆರಿಸಬೇಡಿ ಎಂದು ಚಿಗವ್ವನಿಗೆ ಬುದ್ಧಿ ಹೇಳಿದರು.

ಎರಡು ದಿನ ಚೆನ್ನಾಗಿತ್ತು. ಆಮೇಲೆ ಮತ್ತೆ ಅದೇ ವಾಸನೆ. ಮೂರನೇ ಗೇರಿನಲ್ಲಿ ಮತ್ತೆ ಸಣ್ಣ ನಡುಕ. ಶಾಲೆಗೆ ಹೋಗುವ ದಿನ ಹತ್ತಿರ ಬರುತ್ತಿತ್ತು. ಚಿಗವ್ವ ನಿದ್ದೆ ಮಾಡುತ್ತಿಲ್ಲ ಎಂದು ನನಗೆ ಗೊತ್ತಾಗುತ್ತಿತ್ತು, ಬೆಳಿಗ್ಗೆ ಅವಳ ರೊಟ್ಟಿಯ ಅಂಚು ದಪ್ಪವಾಗಿರುತ್ತಿತ್ತು.

ಗುಟ್ಟು ಬಿಚ್ಚಿದ್ದು ಚಿತ್ತಾಪುರದ ಖಾನಾವಳಿಯಲ್ಲಿ. ಆವತ್ತು ಮೊದಲು ವಾಡಿ, ಶಹಾಬಾದಿನ ರೊಟ್ಟಿ ಕೊಟ್ಟು, ಮರಳಿ ಬರುತ್ತ ಕೊನೆಗೆ ಚಿತ್ತಾಪುರಕ್ಕೆ ಬಂದಿದ್ದೆವು. ಅಷ್ಟು ಹೊತ್ತು ಅಲ್ಲಿನ ಬುಟ್ಟಿ ಕಲ್ಲಿನ ಮೇಲೇ ಇತ್ತು. ಆ ಖಾನಾವಳಿಗೆ ಬೇಕಾದದ್ದು ಮೆತ್ತನೆಯ ರೊಟ್ಟಿ. ಬಟ್ಟೆಯಲ್ಲಿ ಸುತ್ತಿ ಬುಟ್ಟಿಗೆ ಹಾಕಿದರೆ ಸಂಜೆಯ ತನಕ ಮಡಚಬಹುದು. ಮಾಲೀಕ ಬುಟ್ಟಿಯ ತಳದಿಂದ ಒಂದನ್ನು ತೆಗೆದು ಮಡಚಲು ಹೋದ. ಅದು ಹಪ್ಪಳದಂತೆ ಮುರಿಯಿತು.

“ಅಕ್ಕೋರೆ, ನಾ ಮೆತ್ತನ್ನ ರೊಟ್ಟಿ ಹೇಳಿದ್ದೆ. ಇವು ಕಟಕ ಆಗ್ಯಾವಲ್ಲ. ದಾರ್ಯಾಗ ಮತ್ತೊಮ್ಮೆ ಬೇಯಿಸ್ಕೋತ ಬಂದೀರೇನು?”

ಉಣ್ಣಲು ಕೂತವರು ನಕ್ಕರು. ಚಿಗವ್ವ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಮುರಿದ ರೊಟ್ಟಿಯನ್ನು ತಿರುಗಿಸಿ ತಳ ನೋಡಿದಳು. ಮೇಲಿನ ರೊಟ್ಟಿಗಳನ್ನು ಮುಟ್ಟಿದಳು, ಅವು ಮೆತ್ತಗೇ ಇದ್ದವು. ನಂತರ ಹೊರಗೆ ಹೋಗಿ ವ್ಯಾನಿನ ಬಾಗಿಲು ತೆಗೆದು, ಬುಟ್ಟಿ ಇದ್ದ ಜಾಗದಲ್ಲಿ ಬಗ್ಗಿದಳು. ಬಾಟಲಿಯ ನೀರಿನಲ್ಲಿ ಬೆರಳು ಅದ್ದಿ ಕಲ್ಲಿನ ಮೇಲೆ ಚಿಮುಕಿಸಿದಳು.

ದಿನಾ ಬೆಳಿಗ್ಗೆ ಅವಳು ಮಾಡುವ ಕೆಲಸ ಇದು. ಹಂಚು ಕಾದಿದೆಯೇ ಎಂದು ನೋಡಲು ನಾಲ್ಕು ಹನಿ ಎಸೆಯುತ್ತಾಳೆ. ಹನಿ ಕೂತರೆ ಹಂಚು ಇನ್ನೂ ಹಸಿ, ಅಂಚಿನಿಂದ ಒಣಗುತ್ತ ಬಂದರೆ ಸಣ್ಣ ಕಾವು, ಚುಂಯ್ ಎಂದರೆ ರೊಟ್ಟಿ ಹಾಕಬಹುದು. ವ್ಯಾನಿನ ಕಲ್ಲಿನ ಮೇಲೆ ಹನಿ ಕೂರಲಿಲ್ಲ. ಅಂಚಿನಿಂದ ಬೇಗಬೇಗ ಒಣಗಿ, ನೋಡುತ್ತಿದ್ದಂತೆ ಮಾಯವಾಯಿತು. ನಾನು ಅಂಗೈ ಇಟ್ಟೆ. ಬೆಳಿಗ್ಗೆ ತಣ್ಣಗಿದ್ದ ಅದೇ ಕಲ್ಲು ಈಗ ಕೈ ಇಡಲಾರದಷ್ಟು ಸುಡುತ್ತಿತ್ತು. ಗಾಡಿ ನಿಂತು ಬಹಳ ಹೊತ್ತಾಗಿದ್ದರೂ ಅದು ಆರುತ್ತಿರಲಿಲ್ಲ. ಕಾಲು ಸುಡುತ್ತಿದೆ ಎಂದು ಚಿಗವ್ವ ಯಾಕೆ ಹೇಳಿರಲಿಲ್ಲ ಎಂದು ಕೇಳಿದೆ. ಅಣ್ಣ ಹಾಕಿದ್ದು, ಏನಂತ ಹೇಳಲಿ ಎಂದಳು. ಕ್ಲಚ್ಚಿನ ಹತ್ತಿರ ಒಂದು ಹಸಿ ಗೋಣಿ ಹಾಕಿಕೊಂಡಿದ್ದಳು, ನಾನು ಅದನ್ನು ಗಮನಿಸಿರಲೇ ಇಲ್ಲ.

“ಇದು ಫರ್ಶಿ ಅಲ್ಲ ಮಗಳ, ಹಂಚು ಆಗ್ಯಾದ. ಕೆಳಗ ಒಲಿ, ಮ್ಯಾಲ ಹಂಚು. ನಡುವ ಇರೋ ಗೇರ್‌ಬಾಕ್ಸು ಹ್ಯಾಂಗ ತಣ್ಣಗ ಇದ್ದೀತು?”

ಅಲ್ಲಿಂದಲೇ ಗಾಡಿ ತಿರುಗಿಸಿ ಮತ್ತೆ ಶಹಾಬಾದಿಗೆ ಹೊರಟೆವು. ವಾಡಿ ದಾರಿಯಲ್ಲೇ ಸಿಗುತ್ತದೆ. ಮಾಮಾನ ಮನೆಯ ತಿರುವು ಬಂದಾಗ ಚಿಗವ್ವ ಗಾಡಿ ನಿಧಾನ ಮಾಡಿದಳು, ನಿಲ್ಲಿಸಲಿಲ್ಲ.

ಮಿಸ್ತ್ರಿ ಕಲ್ಲು ಎಬ್ಬಿಸಲು ಸಬ್ಬಲು ತಂದರು. ಕಲ್ಲು ಒಡೆಯದಂತೆ ತೆಗೆಯಿರಿ ಎಂದು ಚಿಗವ್ವ ಹೇಳಿದಳು. ನಿಧಾನವಾಗಿ ಅಂಚಿನ ಗಿಲಾವ ಕೆತ್ತಿ ಎತ್ತಿದರು. ಕೆಳಗಿನ ತಗಡಿನಲ್ಲಿ ಬಿಸಿಗಾಳಿ ಹೊರಹೋಗಲು ಇದ್ದ ಸೀಳುಗಳೆಲ್ಲ ಸಿಮೆಂಟಿನಿಂದ ಮುಚ್ಚಿದ್ದವು. ಅವುಗಳ ನಡುವೆ ಕಿರುಬೆರಳಿನಷ್ಟು ಸಣ್ಣ ಒಂದು ನಳಿಗೆಯ ಬಾಯಿ ಇತ್ತು. ಅದರಲ್ಲೂ ಗಿಲಾವ ತುಂಬಿ ಕಲ್ಲಾಗಿತ್ತು. ಮಿಸ್ತ್ರಿ ಅದನ್ನು ನೋಡಿ ತಲೆಗೆ ಕೈ ಹಚ್ಚಿದರು. ಅದು ಗೇರ್‌ಬಾಕ್ಸಿನ ಉಸಿರು. ಓಡುವಾಗ ಒಳಗಿನ ಎಣ್ಣೆ, ಗಾಳಿ ಬಿಸಿಯಾಗಿ ಉಬ್ಬುತ್ತವೆ, ಆ ನಳಿಗೆಯಿಂದ ಗಾಳಿ ಹೊರಹೋಗಬೇಕು. ಅದು ಮುಚ್ಚಿದರೆ ಒತ್ತಡಕ್ಕೆ ಎಣ್ಣೆ ಸೀಲುಗಳನ್ನು ದಾಟಿ ಸೋರುತ್ತದೆ, ಎಷ್ಟು ಹೊಸ ಸೀಲು ಹಾಕಿದರೂ ಅಷ್ಟೇ.

“ಮೂಗು ನಾ ಬಿಡಿಸಿದೆ, ಬಾಯಿ ನೀವು ಮುಚ್ಚಿದ್ರಿ,” ಎಂದು ಮಿಸ್ತ್ರಿ ನಕ್ಕರು. ಆಮೇಲೆ ತಮ್ಮದೂ ತಪ್ಪಿದೆ ಎಂದು ಒಪ್ಪಿಕೊಂಡರು. “ನಾ ಹಿಂದಿನ ಸಲ ಗುಂಡ್ಯಾಗ ನಿಂತು ಕೆಳಗಿಂದಷ್ಟ ನೋಡ್ದೆ ಅಕ್ಕೋರೆ. ಮ್ಯಾಲ ನೋಡಬೇಕು ಅಂತ ಹೊಳೀಲಿಲ್ಲ. ಮ್ಯಾಲ ನಿಮ್ಮ ಮನಿ ನೆಲ ಇತ್ತು.”

ತಂತಿ ಹಾಕಿ ನಳಿಗೆಯನ್ನು ಬಿಡಿಸಿದಾಗ ಒಂದು ಸಣ್ಣ ಸದ್ದು ಬಂತು ಎಂದು ನನಗೆ ನೆನಪು. ನಿಜವಾಗಿ ಬಂತೋ, ಬರಬೇಕಿತ್ತು ಎಂದು ನಾನು ಸೇರಿಸಿಕೊಂಡೆನೋ. ಅದಕ್ಕೆ ರಬ್ಬರು ಪೈಪು ಸಿಕ್ಕಿಸಿ, ಯಾರೂ ಮುಚ್ಚದಂತೆ ಸೀಟಿನ ಹಿಂದೆ ಎತ್ತರಕ್ಕೆ ಒಯ್ದು ಕಟ್ಟಿದರು. ಸೀಳುಗಳನ್ನು ಕೆತ್ತಿ ತೆರೆದರು. ಕಾಲಿಡುವ ಜಾಗಕ್ಕೆ ಮಾತ್ರ ತಗಡಿನಿಂದ ಬೆರಳಷ್ಟು ಮೇಲೆ ನಿಲ್ಲುವ ಒಂದು ಹಲಗೆ ಹಾಕಿ, ಅದರ ಮೇಲೆ ರಬ್ಬರು ಹಾಸಿದರು.

ಆ ಸಂಜೆ ಚಿಗವ್ವ ಮಾಮಾನಿಗೆ ಫೋನು ಮಾಡಿ ಕಲ್ಲು ತೆಗೆಸಿದೆ ಎಂದಳು. ಯಾಕೆ ಎಂಬುದನ್ನೂ ಹೇಳಿದಳು. ಮಾಮಾ ಮೊದಲು ಕೇಳಿದ್ದು ಕಲ್ಲು ಒಡೆದಿಲ್ಲ ತಾನೇ ಎಂದು. ಆಮೇಲೆ, ಗುಡ್ಡಕ್ಕೆ ಹೋಗುವ ದಿನ ನಾನೂ ಬರುತ್ತೇನೆ ಎಂದರು.

ಬಂದರು. ಮುಂದಿನ ಎಡ ಸೀಟಿನಲ್ಲಿ ಅವರು, ಹಿಂದೆ ಬುಟ್ಟಿಗಳ ನಡುವೆ ನಾನು. ತೊಗರಿ ಹೊಲಗಳು ಖಾಲಿ ಬಿದ್ದಿದ್ದವು, ಬಿಸಿಗಾಳಿ ಕಿಟಕಿಯಿಂದ ಒಳಗೆ ನುಗ್ಗುತ್ತಿತ್ತು. ಚಿಂಚೋಳಿ ದಾಟಿ ಗುಡ್ಡ ಶುರುವಾದಾಗ ಮಾಮಾನ ಕಣ್ಣು ಗೇರಿನ ಕೋಲಿನ ಮೇಲಿತ್ತು. ಕಳೆದ ಸಲ ನಿಂತ ಜಾಗ ಬಂತು. ಚಿಗವ್ವ ಅದಕ್ಕೂ ಮೊದಲೇ ಗೇರು ಇಳಿಸಿದಳು. ಎಂಜಿನ್ನಿನ ಸದ್ದು ಏರಿತು, ಗಾಡಿ ಒಂದೇ ಸಮನೆ ಎಳೆಯಿತು. ಸುಟ್ಟ ಎಣ್ಣೆಯ ವಾಸನೆಗಾಗಿ ಮೂಗು ಕಾಯುತ್ತಿತ್ತು. ಬಂದದ್ದು ರೊಟ್ಟಿಯ ವಾಸನೆ, ಅದರ ಜೊತೆ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ವಾಸನೆ. ತಿರುವು ದಾಟಿ ಸ್ವಲ್ಪ ಸಮತಟ್ಟು ಸಿಕ್ಕಾಗ ಚಿಗವ್ವ ಮೂರನೇ ಗೇರು ಹಾಕಿ, ಕೋಲಿನ ಮೇಲಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಬೇಕೆಂದೇ ಹಾಗೆ ಮಾಡಿದಳು. ಕೋಲು ಅಲುಗಲಿಲ್ಲ. ಮಾಮಾ ಅದನ್ನು ನೋಡಿದರು, ಅವರು ನೋಡಿದ್ದನ್ನು ಅವಳು ನೋಡಿದಳು.

ಶಾಲೆಯ ಮುಂದೆ ನಿಲ್ಲಿಸಿದ ಮೇಲೆ ಎಂಜಿನ್ನನ್ನು ಸ್ವಲ್ಪ ಹೊತ್ತು ಹಾಗೇ ಓಡಲು ಬಿಟ್ಟಳು. ನಂತರ ಆರಿಸಿ, ಬಾಟಲಿಯ ನೀರಿನಲ್ಲಿ ಬೆರಳು ಅದ್ದಿ, ಬುಟ್ಟಿ ಎತ್ತಿದ ಜಾಗದ ತಗಡಿನ ಮೇಲೆ ಚಿಮುಕಿಸಿದಳು. ಹನಿಗಳು ದುಂಡಗೆ ಕೂತವು. ಮೂವರೂ ಬಗ್ಗಿ ನೋಡುತ್ತ ನಿಂತೆವು. ಅವು ಅಲ್ಲೇ ಇದ್ದವು.

ಮಾಮಾ ಬುಟ್ಟಿಯ ತಳಕ್ಕೆ ಕೈ ಹಾಕಿ ಒಂದು ರೊಟ್ಟಿ ತೆಗೆದರು. ಅರ್ಧಕ್ಕೆ ಮಡಚಿದರು, ಮತ್ತೆ ಮಡಚಿದರು. ಮುರಿಯಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು ಹಿಂಡಿ ಹಚ್ಚಿಕೊಂಡು ತಿಂದರು. ನೀರು ಕುಡಿದು ಬಾಯಿ ಒರೆಸಿಕೊಂಡು, ಚಿಗವ್ವನ ಮುಖ ನೋಡದೆ, “ಪೇಪರ ನಿನ್ನ ಹೆಸರಿಗಿ ಮಾಡಿಸ್ಕೊ. ನನ್ನ ಕಡಿಂದ ಇನ್ನ ಓಡಾಡೂದು ಆಗಂಗಿಲ್ಲ,” ಎಂದರು.

“ಖೋಲಿ?” ಎಂದಳು ಚಿಗವ್ವ.

“ಜೋಳ ಇಡ್ತೀನಿ.”

ಮರಳುವಾಗ ನಾನು ಖಾಲಿ ಬುಟ್ಟಿಗಳಿಗೆ ಒರಗಿ ನಿದ್ದೆ ಹೋದೆ. ಎಚ್ಚರವಾದಾಗ ಸೇಡಂ ಬಂದಿತ್ತು. ಅಣ್ಣ ತಂಗಿ ಮುಂದೆ ಕೂತು ಯಾವುದೋ ಹಳೆಯ ಮದುವೆಯ ಊಟದ ಬಗ್ಗೆ ಜಗಳವಾಡುತ್ತಿದ್ದರು. ಈಗ ಕಾಗದ ಚಿಗವ್ವನ ಹೆಸರಿನಲ್ಲಿದೆ. ಗೇರು ಜಾರುವುದಿಲ್ಲ. ಚಿತ್ತಾಪುರದ ಮಾಲೀಕ ಹೊಗೆ ಕಾಣದೆ ಊಟಕ್ಕೆ ಯಾವಾಗ ಎಲೆ ಹಾಕಿಸಬೇಕೋ ತಿಳಿಯುತ್ತಿಲ್ಲ ಎಂದು ದೂರುತ್ತಾನೆ.

ಇಷ್ಟಕ್ಕೇ ನಾನು ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಹೋದ ತಿಂಗಳು ಗ್ಯಾರೇಜಿಗೆ ಹೋದಾಗ, ಮಾತಿಗೆ ಮಾತು ಬಂದು ಮಿಸ್ತ್ರಿ ಒಂದು ವಿಷಯ ಹೇಳಿದರು. ದಪ್ಪ ಪೈಪು ಹಾಕಿಸಲು ಮೊದಲ ಸಲ ಬಂದ ದಿನವೇ ಚಿಗವ್ವ, ಇನ್ನೊಮ್ಮೆ ನಿಂತರೆ ಅಣ್ಣ ಮಾರುತ್ತೇನೆ ಅಂದಿದ್ದಾನೆ, ಗಟ್ಟಿ ಕೆಲಸ ಮಾಡಿಕೊಡಿ ಎಂದು ಕೇಳಿಕೊಂಡಿದ್ದಳಂತೆ. ಅಂದರೆ ಮಾಮಾನ ಮಾತು ಮೊದಲು, ಕಲ್ಲು ಆಮೇಲೆ. ಚಿಗವ್ವ ಅದನ್ನು ಒಪ್ಪುವುದಿಲ್ಲ. ತಾನು ಹಾಗೆ ಹೇಳಿದ್ದು ಎರಡನೇ ಸಲ, ಮಿಸ್ತ್ರಿಗೆ ಮರೆವು ಎನ್ನುತ್ತಾಳೆ. ಎರಡೂ ಸಲ ನಾನು ಅಲ್ಲೇ ಇದ್ದೆ. ಇಲ್ಲದ ಬೇವಿನ ಮರದ ಕೆಳಗೆ ಕೂತಿದ್ದೆ.

ಕ್ರಮ ಯಾಕೆ ಮುಖ್ಯ ಎಂದರೆ, ಮಾಮಾ ಭಟ್ಟಿಯಲ್ಲಿ ಇಟ್ಟಿಗೆ ಕೂಡಿಸಿದವರು. ಒಳಗಿನ ಬಿಸಿ ಹೊರಗೆ ಹೋಗದಂತೆ ಕಲ್ಲನ್ನು ಹೇಗೆ ಹಾಸಬೇಕು, ಸಂದಿ ಹೇಗೆ ಮುಚ್ಚಬೇಕು ಎಂಬುದೇ ಅವರ ಬದುಕಿನ ಕಸುಬು. ಕಲ್ಲು ತಂಪು ಎಂದು ನಾವೆಲ್ಲ ನಂಬಿದ್ದೆವು, ಸರಿ. ಅವರೂ ನಂಬಿದ್ದರೇ? ತಂಗಿಯ ಸುಟ್ಟ ಪಾದ ಕಂಡು ಎಲ್ಲ ಮರೆತು ನಮ್ಮ ಹಾಗೆಯೇ ಯೋಚಿಸಿದರೇ? ಅಥವಾ ಮಾರುವ ಮಾತು ಆಗಲೇ ಆಡಿದ್ದರಿಂದ, ಗಾಡಿ ನಿಂತರೆ ಅವಳು ಆ ಖೋಲಿಗೆ ಬಂದಾಳು ಎಂದುಕೊಂಡರೇ? ಒಂದು ದಿನ ಮೊದಲನೆಯದು ಸರಿ ಅನಿಸುತ್ತದೆ, ಇನ್ನೊಂದು ದಿನ ಎರಡನೆಯದು. ಹೆಚ್ಚಿನ ದಿನ ಮೊದಲನೆಯದೇ.

ಹೋದ ವಾರ ವಾಡಿಯಲ್ಲಿ ರೈಲಿಳಿದು ಮಾಮಾನ ಮನೆಗೆ ಹೋದೆ. ಆ ಫರ್ಶಿ ಈಗ ಅವರ ಅಂಗಳದಲ್ಲಿದೆ, ಹುಣಸೆ ಗಿಡದ ಬುಡದಲ್ಲಿ ಎರಡು ಕಲ್ಲಿನ ಮೇಲೆ ಹಲಗೆಯಂತೆ ಇಟ್ಟಿದ್ದಾರೆ. ಅಂಚಿನಲ್ಲಿ ಗಿಲಾವದ ಗುರುತು ಇನ್ನೂ ಇದೆ. ಮಾಮಾ ತಂಬಿಗೆಯಿಂದ ಅದರ ಮೇಲೆ ನೀರು ಹಾಕಿ ಕೈಯಿಂದ ಒರೆಸಿ, ಕುಂದರು ಎಂದರು. ಕೂತೆ. ತಣ್ಣಗಿತ್ತು. ಅವರು ಪಕ್ಕದಲ್ಲಿ ಕೂತು ಅಡಿಕೆ ಹೆರೆಯುತ್ತಿದ್ದರು. ಚಿಗವ್ವನ ಬಗ್ಗೆ, ನನ್ನ ಕಾಲೇಜಿನ ಬಗ್ಗೆ ವಿಚಾರಿಸಿದರು. ಆಮೇಲೆ ನಾನು ಕೇಳಿದೆ.

“ಮಾಮಾ, ಕಲ್ಲು ಕಾಯ್ತದ ಅಂತ ಹಾಸೂಮುಂದ ನಿಮಗ ಗೊತ್ತಿತ್ತೇನ್ರಿ?”